ಪದಚರ್ಚೆ: ‘ಟ್ರಿಕ್ ಆರ್ ಟ್ರೀಟ್’ ಭಿಕ್ಷೆಯೇ?

ಮಾನ್ಯರೇ,

ಪಾಶ್ಚಾತ್ಯರ ಹ್ಯಾಲೋವೀನ್ ಹಬ್ಬದ ಸಂಜೆ ಮಕ್ಕಳು ವೇಷ ತೊಟ್ಟು, ‘ಟ್ರಿಕ್ ಆರ್ ಟ್ರೀಟ್’ ಎನ್ನುತ್ತಾ ಮಿಠಾಯಿಗಾಗಿ ಮನೆಮನೆಯ ಬಾಗಿಲು ತಟ್ಟುವುದನ್ನು ‘ಮಿಠಾಯಿ ಭಿಕ್ಷೆ’ ಎಂದು ಕರೆದ ಅನುವಾದವೊಂದು ತಿದ್ದುವುದಕ್ಕಾಗಿ ನನ್ನ ಕೈಗೆ ಬಂದಿದೆ. ಭಿಕ್ಷೆ ಎಂಬ ಪದ ಇಲ್ಲಿ ಖಂಡಿತ ಸಲ್ಲದು.

ಸ್ಕಾಟ್ಲೆಂಡಿನವರು ಇದನ್ನು ‘ಗೈಸಿಂಗ್’ ಎನ್ನುತ್ತಾರೆ. ಅಲ್ಲಿನ ಸಂಪ್ರದಾಯದಲ್ಲಿ ವೇಷವೊಂದೇ ಸಾಲದು. ಹಾಡನ್ನೋ ಪದ್ಯವನ್ನೋ ನಗೆಮಾತನ್ನೋ ಮನೆಯವರ ಮುಂದೆ ಒಪ್ಪಿಸಿದ ಮೇಲೆಯೇ ಸೇಬು, ಮಿಠಾಯಿ. ಫಿನ್ಲೆಂಡಿನಲ್ಲಿ ಈಸ್ಟರಿನ ಹಿಂದಿನ ಭಾನುವಾರ ಮಕ್ಕಳು ಸಿಂಗರಿಸಿದ ವಿಲೋ ಕಡ್ಡಿ ಹಿಡಿದು ಬರುತ್ತಾರೆ. ಬರುವ ವರ್ಷ ಆರೋಗ್ಯವಾಗಿರಿ ಎಂದು ಹರಸುವ ಅವರ ಪದ್ಯ ‘ಕಡ್ಡಿ ನಿನಗೆ, ಕೂಲಿ ನನಗೆ’ ಎಂದು ಮುಗಿಯುತ್ತದೆ. ಕೂಲಿ! ಬೇಡಲು ಬಂದವರು ಆಡುವ ಮಾತೇ ಇದು? ಹಿಂದಿನ ಇಂಗ್ಲೆಂಡಿನಲ್ಲಿ ‘ಸೋಲ್ ಕೇಕ್’ (ಆತ್ಮದ ಹೆಸರಿನ ಸಣ್ಣ ಕೇಕು) ಪಡೆದವರೂ ಆ ಮನೆಯಲ್ಲಿ ತೀರಿಕೊಂಡವರ ಆತ್ಮಕ್ಕಾಗಿ ಪ್ರಾರ್ಥಿಸುತ್ತಿದ್ದರು.

ಅಮೆರಿಕ, ಕೆನಡಾಗಳ ಧಾಟಿ ಬೇರೆ. ಅಲ್ಲಿನ ‘ಟ್ರಿಕ್ ಆರ್ ಟ್ರೀಟ್’ ಎಂದರೆ ‘ತಿನಿಸು ಕೊಡದಿದ್ದರೆ ಕೀಟಲೆ ಮಾಡುತ್ತೇವೆ’ ಎಂಬ ಬೆದರಿಕೆ. ಕೆನಡಾದ ಬ್ಲ್ಯಾಕಿ ಎಂಬ ಊರಿನ ಬಗ್ಗೆ 1927ರಲ್ಲಿ ಬಂದ ಪತ್ರಿಕಾ ವರದಿಯಲ್ಲಿ ಈ ಮಾತು ಅಚ್ಚಾದಾಗ ಕೀಟಲೆಯೂ ನಿಜವಾಗಿಯೇ ನಡೆದಿತ್ತು: ಊರವರ ಗಾಡಿಚಕ್ರ, ಗೇಟು, ಪೀಪಾಯಿಗಳೆಲ್ಲ ಬೀದಿಗೆ ಬಂದಿದ್ದವು. ಜರ್ಮನಿಯ ಮಕ್ಕಳು ಕೂಗುವುದು ‘ಸಿಹಿಯೋ ಹುಳಿಯೋ’ ಎಂದು. ಕನ್ನಡದ ಬಾಯಿಗೂ ಸಲೀಸಾಗಿ ಬರುವುದರಿಂದ ಟ್ರಿಕ್ ಆರ್ ಟ್ರೀಟ್‌ಗೆ ಇದನ್ನೇ ಇಡಬೇಕೆಂದಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ಗೈಸಿಂಗ್‌ಗಂತೂ ನಮ್ಮ ಕರಾವಳಿಯ ‘ವೇಷ ಹಾಕುವುದು’ ಹೇಳಿ ಮಾಡಿಸಿದಂತಿದೆ. ನವರಾತ್ರಿಯಲ್ಲಿ ಆತ ವೇಷ ಹಾಕಿದ್ದಾನೆ ಎಂದರೆ ಸಾಕು. ಮನೆಮನೆಗೆ ಹೋಗುವುದು, ಕುಣಿಯುವುದು, ಹಣ ಪಡೆಯುವುದು ಎಲ್ಲವೂ ಅದರೊಳಗೇ ಬಂದುಬಿಡುತ್ತವೆ. ಮಲೆನಾಡಿನ ಅಂಟಿಗೆ-ಪಂಟಿಗೆಯವರೂ ದೀಪಾವಳಿಯಲ್ಲಿ ಮನೆಬಾಗಿಲಿಗೆ ದೀಪ ತಂದು, ಹಾಡಿ, ಆಮೇಲಷ್ಟೇ ಎಣ್ಣೆ, ಅಕ್ಕಿ, ದುಡ್ಡು ಪಡೆಯುತ್ತಾರೆ. ಅವರನ್ನು ಭಿಕ್ಷುಕರೆಂದು ಊರಿನಲ್ಲಿ ಯಾರೂ ಕರೆಯುವುದಿಲ್ಲ.

ನಾನು ಸಿಕ್ಕಿಕೊಂಡಿರುವುದು ಇನ್ನೊಂದು ಪದಕ್ಕೆ. ಹೀಗೆ ಹಾಡಿದವರಿಗೆ, ಕುಣಿದವರಿಗೆ ಮನೆಯವರು ಕೊಡುವುದನ್ನು ಏನೆನ್ನಬೇಕು? ‘ಕಾಣಿಕೆ’ ಎಂದರೆ ದೇವರ ಹುಂಡಿ ನೆನಪಾಗುತ್ತದೆ. ‘ಇನಾಮು’ ಎಂದರೆ ಕೊಡುವವರು ಒಂದು ಮೆಟ್ಟಿಲು ಮೇಲೆ ನಿಂತಂತೆ. ‘ಪಡಿ’ ಎಂದಾಗ ಅಕ್ಕಿಯ ಅಳತೆಯೇ ಮುಂದೆ ಬರುತ್ತದೆ. ನಿಮ್ಮ ಊರಿನಲ್ಲಿ ಇದಕ್ಕೆ ಬಳಕೆಯಲ್ಲಿರುವ ಪದ ಯಾವುದು, ಯಾವ ಹಬ್ಬದಲ್ಲಿ, ಯಾರ ಬಾಯಲ್ಲಿ ಕೇಳಿದ್ದೀರಿ ಎಂಬುದನ್ನು ದಯವಿಟ್ಟು ಬರೆಯಿರಿ. ನಿಘಂಟಿನಲ್ಲಿಲ್ಲದ ಪದವಾದರೆ ಇನ್ನೂ ಸಂತೋಷ.