ಕಾಳಗದ ಖಾತೆಯಲ್ಲಿ ಹಾಡಿನ ಬಾಬತ್ತು

‘ಲ್ಯೂಮಿನಸ್ ವಿಚಸ್’ ಎಂಬ ಜಪಾನಿ ಅನಿಮೆಯ, ಅಂದರೆ ಕಾರ್ಟೂನ್ ಸರಣಿಯ, ಹನ್ನೆರಡೂ ಕಂತುಗಳನ್ನು ನೋಡಿ ಮುಗಿಸಿ ಮೇಷ್ಟ್ರ ಜಗಲಿಯಲ್ಲಿ ಕುಳಿತಿದ್ದೆವು. ಕಥೆ ನಮಗೆಲ್ಲ ಹಿಡಿಸಿತ್ತು. ನಮ್ಮ ಆಡಿಟರ್ ಗೆಳೆಯರಿಗೆ ಮಾತ್ರ ಲೆಕ್ಕ ತಾಳೆಯಾಗಿರಲಿಲ್ಲ.

“ಮಾಯಾಶಕ್ತಿಯುಳ್ಳ ಒಂಬತ್ತು ಹುಡುಗಿಯರಿದ್ದಾರೆ, ಗಮ್‌ಬೂಟಿನಂತೆ ಕಾಲಿಗೆ ತೊಟ್ಟು ಹಾರುವ ಯಂತ್ರಗಳಿವೆ, ಅತ್ತ ನ್ಯೂರಾಯ್ ಎಂಬ ಶತ್ರು ಯೂರೋಪಿನ ದೇಶಗಳನ್ನೇ ನುಂಗುತ್ತಿದೆ. ಇಂಥ ಹೊತ್ತಿನಲ್ಲಿ ಇವರನ್ನು ಕಾಳಗಕ್ಕೆ ಕಳಿಸದೆ ಊರೂರು ಸುತ್ತಿಸಿ ಹಾಡಿಸುವ ಖರ್ಚನ್ನು ಯಾವ ಬಾಬತ್ತಿನಲ್ಲಿ ಬರೆಯುವುದು?” ಎಂದು ಅವರು ಕೇಳಿದರು.

“ನಿಜವಾದ ಯುದ್ಧದಲ್ಲೂ ಬರೆದಿದ್ದಾರಲ್ಲ” ಎಂದರು ಮೇಷ್ಟ್ರು. “1939ರಲ್ಲಿ ಬ್ರಿಟನ್ ತನ್ನ ಸೈನಿಕರ ಮನರಂಜನೆಗೆಂದೇ ‘ಎನ್ಸಾ’ (ENSA) ಎಂಬ ಸಂಸ್ಥೆ ಕಟ್ಟಿತು. ಸೈನಿಕರು ಆ ನಾಲ್ಕಕ್ಷರಗಳನ್ನು ‘ದಿನಾ ರಾತ್ರಿ ಒಂದಲ್ಲ ಒಂದು ಗೋಳು’ ಎಂಬರ್ಥ ಬರುವಂತೆ ಬಿಡಿಸಿ ನಗುತ್ತಿದ್ದರು.”

“ಹಾಗಾದರೆ ಅವರು ರಣರಂಗಕ್ಕೆ ಓಡಿದ್ದು ಆ ಸಂಗೀತದಿಂದ ತಪ್ಪಿಸಿಕೊಳ್ಳುವುದಕ್ಕೇ ಇರಬೇಕು, ಖರ್ಚು ಸಾರ್ಥಕವಾಯಿತೆಂದು ಒಪ್ಪುತ್ತೇನೆ.”

ನನಗೆ ಹಿಡಿಸಿದ್ದು ಹೆಸರುಗಳ ಆಟ. ಜರ್ಮನಿಯು ಕಾರ್ಲ್ಸ್‌ಲ್ಯಾಂಡ್ ಆಗಿ, ಫ್ರಾನ್ಸ್ ಗಾಲಿಯಾ ಆಗಿ, ಜಪಾನು ಫೂಸೋ ಆಗಿ, ಸಾಲಗಾರರಿಗೆ ಹೆದರಿ ಹೆಸರು ಬದಲಿಸಿಕೊಂಡ ನೆಂಟರಂತೆ ಭೂಪಟದಲ್ಲಿ ಕುಳಿತಿವೆ. ಗಾಲಿಯಾದ ‘ಎಲ್ಲೀ’ ಎಂಬ ಹುಡುಗಿಯ ಪೂರ್ಣ ಹೆಸರಿನಲ್ಲಿ ‘ಜೊವಾನಾ ಗಾಸಿಯೋಂ’ ಎಂದು ಬರುತ್ತದೆ. ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ ಹುಟ್ಟಿದ್ದು ಅದೇ ಹೆಸರಿನಲ್ಲಿ. ರಷ್ಯಾವನ್ನು ಹೋಲುವ ದೇಶದ ಹುಡುಗಿಯ ಹೆಸರು ರುಸ್ಲಾನೋವಾ.

ಆದರೆ ಈ ಕಥೆ ಒಂದು ಜಾಣತನ ಮಾಡಿದೆ, ಅದನ್ನು ಹೇಳಲೇಬೇಕು. ನ್ಯೂರಾಯ್ ಮನುಷ್ಯನಲ್ಲ, ಅದಕ್ಕೆ ಊರಿಲ್ಲ, ಮನೆಯಲ್ಲಿ ದಾರಿ ಕಾಯುವ ತಾಯಿಯಿಲ್ಲ. ಆದ್ದರಿಂದ ಇಲ್ಲಿಯ ಹಾಡು ಯಾರ ಮೇಲೂ ಹಗೆ ಕಾರಬೇಕಾಗಿಲ್ಲ, ಮನೆಮಠ ಬಿಟ್ಟು ಬಂದವರನ್ನು ಸಂತೈಸಿದರೆ ಸಾಕು. 1941ರಲ್ಲಿ ಜರ್ಮನರ ವಶದಲ್ಲಿದ್ದ ಬೆಲ್‌ಗ್ರೇಡ್ ರೇಡಿಯೋ ಬಿತ್ತರಿಸಿದ ‘ಲಿಲಿ ಮಾರ್ಲೀನ್’ ಗೀತೆಯನ್ನು ಎದುರಾಳಿ ಬ್ರಿಟಿಷ್ ಸೈನಿಕರೂ ಕಿವಿಗೊಟ್ಟು ಕೇಳುತ್ತಿದ್ದರಂತೆ. ಕೇಳಿ ಮರುದಿನ ಪರಸ್ಪರ ಗುಂಡು ಹಾರಿಸುತ್ತಿದ್ದರು. ಆ ಇಕ್ಕಟ್ಟು ಅನಿಮೆಯ ಹುಡುಗಿಯರಿಗಿಲ್ಲ.

“ಆ ರುಸ್ಲಾನೋವಾ ನಿಜಕ್ಕೂ ಇದ್ದರೇ?” ಎಂದರು ಆಡಿಟರು.

“ಇದ್ದರು, ಸೋವಿಯತ್ ಗಾಯಕಿ ಲಿಡಿಯಾ ರುಸ್ಲಾನೋವಾ. 1945ರ ಮೇ ತಿಂಗಳಲ್ಲಿ ಬರ್ಲಿನ್ನಿನ ಸಂಸತ್ ಭವನ ರೈಖ್‌ಸ್ಟಾಗ್ ಎದುರು ಗೆದ್ದ ಸೈನಿಕರಿಗಾಗಿ ಹಾಡಿದರು. 1948ರಲ್ಲಿ ಅವರದೇ ಸರ್ಕಾರ ಬಂಧಿಸಿತು, ಬಿಡುಗಡೆಯಾದದ್ದು 1953ರಲ್ಲಿ” ಎಂದೆ.

ಆಡಿಟರು ಚುರುಮುರಿಯ ಪೊಟ್ಟಣ ಕೆಳಗಿಟ್ಟರು. “ಅಷ್ಟು ಕ್ರೂರವಾದ ಆಕ್ಷೇಪಣೆಯನ್ನು ನನ್ನ ಸೇವಾವಧಿಯಲ್ಲಿ ನಾನೂ ಎತ್ತಿಲ್ಲ. ಆಯಿತು, ಒಂಬತ್ತು ಮಂದಿಯ ಖರ್ಚನ್ನೂ ಮಂಜೂರು ಮಾಡಿದ್ದೇನೆ. ಆ ಗಮ್‌ಬೂಟಿನ ಪೆಟ್ರೋಲ್ ರಸೀದಿ ಕೊಡಿ.”

“ಅದು ಹುಡುಗಿಯರ ಮಾಯಾಶಕ್ತಿಯಿಂದ ಓಡುತ್ತದೆ; ಅವರ ವಯಸ್ಸು ಇಪ್ಪತ್ತಾಗುವ ಸುಮಾರಿಗೆ ಆ ಶಕ್ತಿ ಇಳಿಯತೊಡಗುತ್ತದೆ.”

ಅವರ ಮುಖ ಆ ಸಂಜೆ ಮೊದಲ ಬಾರಿಗೆ ಅರಳಿತು. “ಹಾಗೆ ಹೇಳಿ ಮತ್ತೆ! ವರ್ಷಕ್ಕೆ ಶೇಕಡಾ ಎಷ್ಟು ಸವಕಳಿ?”