ಖಂಡೆಪೂಜೆ, ಬನ್ನಿ ಮತ್ತು ಅಜ್ಜನ ಬೈಬಲ್

ನಮ್ಮ ಮನೆಯವರ ಗ್ರೂಪಿನ ಎಲ್ಲರಿಗೂ ವಂದನೆ. ಟೈಪ್ ಮಾಡಲು ಕಣ್ಣು ಬಿಡುವುದಿಲ್ಲ, ಮಾತಾಡಿಯೇ ಕಳಿಸ್ತೀನಿ. ವಿಜಯಪುರದ ನಮ್ಮ ಹುಡುಗಿ ರಾತ್ರಿ ಹನ್ನೊಂದಕ್ಕೆ ಕೇಳಿದ್ದಾಳೆ: "ದೊಡ್ಡವ್ವಾ, ಆಫೀಸಿನಲ್ಲಿ ಖಂಡೆಪೂಜೆ, ಅದೇ ಆಯುಧಪೂಜೆ, ಇದೆ, ಕಂಪ್ಯೂಟರಿಗೆ ಆರತಿ ಎತ್ತು ಅಂತ ನನಗೇ ಹೇಳಿದ್ದಾರೆ. ಮರುದಿನ ಓಣಿಯವರು ದಸರೆಯ ಬನ್ನಿ ಎಲೆ ಕೊಡೋಕೆ ಬರ್ತಾರೆ. ವಿಗ್ರಹಾರಾಧನೆ ಆಗುತ್ತಾ?" ಒಬ್ಬರಾದರೂ ಉತ್ತರ ಕೊಟ್ಟಿದ್ದೀರಾ? ಬರೀ ಕೈಮುಗಿಯೋ ಚಿತ್ರ ಹಾಕಿದ್ದೀರಿ.

ಬೈಬಲಿನ ಹತ್ತು ಆಜ್ಞೆ ಎಲ್ಲರಿಗೂ ಸಂಡೇಸ್ಕೂಲಿನಲ್ಲೇ ಬಾಯಿಪಾಠ ಆಗಿದೆ, ಮತ್ತೆ ಹೇಳಲ್ಲ. ನಾನು ಹೇಳೋದು ಗುಳೇದಗುಡ್ಡದ ಮನೆಯ ಮಾತು.

ಅಲ್ಲಿ ಗೋಡೆಯ ಮಾಡದಲ್ಲಿ ಅಜ್ಜನ ದೊಡ್ಡ ಬೈಬಲ್ ಇತ್ತಲ್ಲ, ಕೆಂಪು ಖಣದಲ್ಲಿ ಸುತ್ತಿದ್ದು. ಅದನ್ನು ಯಾರೂ ಬಿಚ್ಚುತ್ತಿರಲಿಲ್ಲ. ಪರೀಕ್ಷೆಗೆ ಹೋಗುವಾಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು, ಅಷ್ಟೇ. 1986ರ ಮಳೆಗಾಲ. ನಮ್ಮ ಹಿರಿಯವನಿಗೆ, ಈಗ ನವನಗರದಲ್ಲಿ ಇರೋವನಿಗೆ, ಆಗ 3 ವರ್ಷ. ಕೆಂಡದಂಥ ಜ್ವರ. ನಾನೇನು ಮಾಡಿದೆ? ಆ ಬೈಬಲ್ ತಂದು ಅವನ ತಲೆದಿಂಬಿನ ಕೆಳಗೆ ಇಟ್ಟೆ. ಹಗುರ ಅನಿಸಿತು, ಆದರೂ ಬಿಚ್ಚಿ ನೋಡಲಿಲ್ಲ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಸಾಲದು ಅಂತ ಆಗುತ್ತೆ ಅಂದುಕೊಂಡೆ. ನಾಲ್ಕನೇ ದಿನ ಹುಡುಗ ಕಣ್ಣು ಮೇಲೆ ಮಾಡಿ ಸೆಟೆದುಕೊಂಡ. ಪಕ್ಕದ ಮನೆ ನೇಕಾರರಾಕೆ, ಬನಶಂಕರಿಗೆ ನಡೆದುಕೊಳ್ಳುವಾಕೆ, ಮಗ್ಗ ಬಿಟ್ಟು ಓಡಿಬಂದು ಅವನನ್ನು ಎತ್ತಿಕೊಂಡು ಟೆಂಪೋ ಹತ್ತಿದಳು. ಬಾಗಲಕೋಟೆಯಲ್ಲಿ ಟೈಫಾಯಿಡ್ ಅಂದರು. 12 ದಿನ ಅಲ್ಲೇ ಇದ್ದೆವು.

ತಿರುಗಿ ಬಂದು ಖಣ ಬಿಚ್ಚಿದೆ. ಹಿಡಿ ಮಣ್ಣು ಉದುರಿತು. ಆದಿಕಾಂಡದಿಂದ ಕೀರ್ತನೆಗಳವರೆಗೆ ಗೆದ್ದಲು ತಿಂದು ಹಾಕಿತ್ತು. ರಟ್ಟು ಮಾತ್ರ ಗಟ್ಟಿ.

ದೇವರ ಸಾಮಾನನ್ನು ದೇವರು ಮಾಡಿಕೊಳ್ಳಬೇಡಿ. ಮೋಶೆ ಎತ್ತಿದ ತಾಮ್ರದ ಸರ್ಪ ದೇವರೇ ಮಾಡಿಸಿದ್ದು, ಅಲ್ವಾ? ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಆಮೇಲೆ ಜನ ಅದಕ್ಕೇ ಧೂಪ ಹಾಕೋಕೆ ಶುರು ಮಾಡಿದರು. ಹಿಜ್ಕೀಯ ಅರಸ ಒಡೆದು ಚೂರು ಮಾಡಿದ. ಬೈಬಲಿನಲ್ಲಿ 2 ಅರಸುಗಳು, 18ನೇ ಅಧ್ಯಾಯ, ತೆಗೆದು ನೋಡಿ. ಬೇರೆಯವರ ಮೂರ್ತಿ ಅಲ್ಲ, ನಮ್ಮದೇ ಮನೆ ಸಾಮಾನು! ಇನ್ನೊಮ್ಮೆ ಹೇಳ್ತೀನಿ, ದೇವರ ಸಾಮಾನನ್ನು ದೇವರು ಮಾಡಿಕೊಳ್ಳಬೇಡಿ.

ಆ ರಟ್ಟು ಈಗ ಎಲ್ಲಿದೆ ಅಂತ ನಿಮಗೆ ಗೊತ್ತು. ಅವ್ವ ತೀರಿಕೊಂಡ ಮೂರನೇ ದಿನಕ್ಕೇ ಒಯ್ದರು. ಜೊತೆಗೆ ಎರಡು ಇಳಕಲ್ ಸೀರೆ, ನೀರು ಕಾಯಿಸೋ ಹಂಡೆ. ಶೋಕೇಸಿನಲ್ಲಿಟ್ಟು ಬಲ್ಬು ಹಾಕಿದ್ದಾರೆ. ಎರಡು ವರ್ಷ ಅವ್ವನ ಹೇಲು ಉಚ್ಚೆ ಬಳಿದವಳು ನಾನು. ಹಂಡೆ ಒಯ್ಯುವಾಗ ಒಂದು ಮಾತು ಕೇಳಬಾರದಿತ್ತಾ? ಯಾರ ಹೆಸರೂ ಹೇಳಲ್ಲ. ಗ್ರೂಪಿನಲ್ಲೇ ಇದ್ದಾರೆ, ಕೇಳ್ತಾರೆ.

ಅಯ್ಯೋ, ಹುಡುಗಿ ಕೇಳಿದ್ದು ಉಳಿದೇ ಹೋಯ್ತು. ನೋಡವ್ವಾ, ಆರತಿ ಎತ್ತಬೇಡ, ಕಾಯಿ ಒಡೀಬೇಡ. ಅದು ಪೂಜೆಯೇ. ಇವತ್ತೇ, ಸಾಹೇಬರು ಒಬ್ಬರೇ ಇದ್ದಾಗ ಹೇಳಿಬಿಡು. ಆ ದಿನ ಎಲ್ಲರ ಮುಂದೆ ಹೇಳಿದರೆ ಅವರಿಗೂ ಮುಜುಗರ. ಚುರುಮುರಿ, ಚಹಾ ಹಂಚೋ ಕೆಲಸ ನಾನು ಮಾಡ್ತೀನಿ ಅನ್ನು. ಸುಮ್ನೆ ಹಿಂದೆ ನಿಲ್ಲೋಕೆ ಹೆದರಬೇಡ. ಅರಾಮ್ ದೇಶದ ಸೇನಾಪತಿ ನಾಮಾನ ತನ್ನ ಅರಸನ ಜೊತೆ ಅವರ ದೇವರು ರಿಮ್ಮೋನನ ಗುಡಿಗೆ ಹೋಗಬೇಕಾಗುತ್ತೆ ಅಂದಾಗ, ಪ್ರವಾದಿ ಎಲೀಷ ಸಮಾಧಾನದಿಂದ ಹೋಗು ಅಂದನೇ ಹೊರತು ಬೈಯಲಿಲ್ಲ. ನೈವೇದ್ಯದ್ದು ಅಂತ ಹೇಳಿ ಕೊಟ್ಟರೆ ಮಾತ್ರ ತಿನ್ನಬೇಡ, ಪೌಲ ಕೊರಿಂಥದವರಿಗೆ ಬರೆದದ್ದು ಅದನ್ನೇ.

ಬನ್ನಿ ತಗೋ. ನನ್ನ ಮಗನನ್ನು ಎತ್ತಿಕೊಂಡು ಓಡಿದಾಕೆ ಇವತ್ತಿಗೂ ಪ್ರತಿ ವರ್ಷ ಬನ್ನಿ ತರ್ತಾಳೆ, ಬೇಡ ಅನ್ನಲಾ? "ಬಂಗಾರದಂಗ ಇರೋಣ" ಅಂದರೆ ನೀನೂ ಅನ್ನು. ಎಲೆಗೆ ಕೈಮುಗಿಯಬೇಡ, ಕೊಟ್ಟ ಹಿರಿಯರಿಗೆ ಮುಗಿ.

ಮತ್ತೆ, ಕೂಸಿಗೆ ನಾಲ್ಕು ದಿನದಿಂದ ಕೆಮ್ಮು ಅಂದಿದ್ದೆ. ಡಾಕ್ಟರಿಗೆ ತೋರಿಸಿದೆಯಾ ಇಲ್ಲವಾ?