ಕಾಫಿ ತೋಟದ ಇಳಿಜಾರಿನಲ್ಲಿ ಹೈಡ್ರೆಂಟ್‌ಗಳಿಗೆ ಪ್ಲಾಸ್ಟಿಕ್ ಪೈಪ್ ಹೂಳುವುದು: ಯಾವ ಪೈಪ್, ಎಷ್ಟು ಆಳ?

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದಲ್ಲಿ ಬಹುಪಾಲು ರೊಬಸ್ಟಾ ಇದೆ. ತೋಟದ ತಗ್ಗಿನಲ್ಲಿ ಒಂದು ಕೆರೆಯಿದ್ದು, ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಸಕಾಲಕ್ಕೆ ಬಾರದ ವರ್ಷಗಳಲ್ಲಿ ಅಲ್ಲಿಂದಲೇ ಡೀಸೆಲ್ ಪಂಪಿನಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕುತ್ತೇವೆ. ಇದುವರೆಗೆ ಕೆರೆಯ ದಡದಿಂದ ಗುಡ್ಡದ ನೆತ್ತಿಯವರೆಗೂ ಅಲ್ಯೂಮಿನಿಯಂ ಪೈಪುಗಳನ್ನು ನೆಲದ ಮೇಲೆಯೇ ಜೋಡಿಸುತ್ತಿದ್ದೆವು. ಕೊಯ್ಲಿನ ಕೊನೆಯಲ್ಲಿ ಆಳುಗಳು ಸಿಗುವುದೇ ಕಷ್ಟ. ಸಿಕ್ಕರೂ, ಪೈಪುಗಳನ್ನು ಸಾಲಿನ ನಡುವೆ ಹೊತ್ತು ಸಾಗಿಸುವಾಗ ಮೊಗ್ಗು ತುಂಬಿದ ಕೊಂಬೆಗಳು ಮುರಿಯುತ್ತವೆ. ಆದ್ದರಿಂದ ಮುಖ್ಯ ಲೈನನ್ನು ನೆಲದಡಿಯಲ್ಲಿ ಶಾಶ್ವತವಾಗಿ ಹೂತು, ಅಲ್ಲಲ್ಲಿ ಹೈಡ್ರೆಂಟ್‌ಗಳನ್ನು (ನೀರು ಪಡೆಯುವ ವಾಲ್ವುಳ್ಳ ಬಾಯಿಗಳನ್ನು) ಮೇಲೆತ್ತಿ, ಅವುಗಳಿಂದ ಮಾತ್ರ ಪೈಪು ಎಳೆದುಕೊಳ್ಳಬೇಕೆಂದು ತೀರ್ಮಾನಿಸಿದ್ದೇವೆ.

ಲೈನಿನ ಉದ್ದ ಸುಮಾರು 400 ಮೀಟರ್. ಕೆರೆಯ ನೀರಿನ ಮಟ್ಟದಿಂದ ನೆತ್ತಿಗೆ 35 ಮೀಟರ್ ಏರು. ಪಂಪು ಸೆಕೆಂಡಿಗೆ 7 ಲೀಟರ್ ನೀರು ಕೊಡುತ್ತದೆ. 75 ಮಿ.ಮೀ. ವ್ಯಾಸದ, 6 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದ ಪಿ.ವಿ.ಸಿ. ಪೈಪ್ ಸಾಕು, ಒಂದೂವರೆ ಅಡಿ ಆಳಕ್ಕೆ ಹೂತರಾಯಿತು ಎಂದು ಅಂಗಡಿಯವರೊಬ್ಬರು ಹೇಳಿದ್ದಾರೆ. ಒಮ್ಮೆ ಹೂತ ಮೇಲೆ ತೆಗೆದು ನೋಡುವ ವಸ್ತುವಲ್ಲವಾದ್ದರಿಂದ, ಅನುಭವವುಳ್ಳವರು ಈ ಲೆಕ್ಕ ಸರಿಯೇ ಎಂದು ತಿಳಿಸಬೇಕು. ಪಿ.ವಿ.ಸಿ. ಬದಲು ಬಾಗುವ ಪ್ಲಾಸ್ಟಿಕ್ಕಾದ ಎಚ್.ಡಿ.ಪಿ.ಇ. ಹಾಕುವುದು ಒಳ್ಳೆಯದೇ? ಹೈಡ್ರೆಂಟ್‌ಗಳನ್ನು ಎಷ್ಟು ಅಂತರದಲ್ಲಿ, ಹೇಗೆ ನಿಲ್ಲಿಸಬೇಕು?

ಉತ್ತರ 1: ನಿವೃತ್ತ ನೀರಾವರಿ ಇಂಜಿನಿಯರ್, ಹಾಸನ

ಮಾನ್ಯರೇ, ಅಂಗಡಿಯವರು ಹೇಳಿದ ವ್ಯಾಸ ಮತ್ತು ಒತ್ತಡ ಎರಡನ್ನೂ ನಾನು ಒಪ್ಪುವುದಿಲ್ಲ. ಕಾರಣವನ್ನು ಲೆಕ್ಕದ ಮೂಲಕವೇ ಹೇಳುತ್ತೇನೆ.

ಮೊದಲು ವ್ಯಾಸ. ಒಂದು ಎಕರೆಗೆ ಒಂದು ಇಂಚು ಮಳೆ ಎಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಸೆಕೆಂಡಿಗೆ 7 ಲೀಟರ್ ಹರಿದರೆ ಅದಕ್ಕೆ ನಾಲ್ಕು ಗಂಟೆ ಬೇಕು. ರೊಬಸ್ಟಾಕ್ಕೆ ಒಂದೂವರೆ ಇಂಚು ಕೊಡುವುದಾದರೆ ಆರು ಗಂಟೆ. ಹೀಗೆ ದಿನಗಟ್ಟಲೆ ಓಡುವ ಪಂಪಿನಲ್ಲಿ ಪೈಪಿನ ಒಳಗಿನ ಘರ್ಷಣೆಗೆ ವ್ಯರ್ಥವಾಗುವ ಒತ್ತಡವೆಲ್ಲ ಡೀಸೆಲ್ಲಿನ ಖರ್ಚೇ. 7 ಲೀಟರ್ ಹರಿವಿಗೆ 75 ಮಿ.ಮೀ. ಪೈಪಿನಲ್ಲಿ ನೂರು ಮೀಟರಿಗೆ ಸುಮಾರು 5 ಮೀಟರ್ ನೀರಿನ ಎತ್ತರದಷ್ಟು ಒತ್ತಡ ನಷ್ಟವಾಗುತ್ತದೆ, 90 ಮಿ.ಮೀ. ಪೈಪಿನಲ್ಲಿ ಅದು ಎರಡು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ 400 ಮೀಟರಿಗೆ ಈ ವ್ಯತ್ಯಾಸ 12 ಮೀಟರ್ ಆಗುತ್ತದೆ. 90 ಮಿ.ಮೀ. ಹಾಕಿರಿ. ನೀರಿನ ವೇಗವೂ ಆಗ ಸೆಕೆಂಡಿಗೆ ಒಂದೂವರೆ ಮೀಟರಿನೊಳಗೆ ಉಳಿಯುತ್ತದೆ.

ಇನ್ನು ಒತ್ತಡ. ಏರಿಗೆ 35 ಮೀಟರ್, ಘರ್ಷಣೆಗೆ ಎಂಟೊಂಬತ್ತು ಮೀಟರ್, ಸ್ಪ್ರಿಂಕ್ಲರಿನ ಬಾಯಲ್ಲಿ ಬೇಕಾದ 3 ಕೆ.ಜಿ. ಒತ್ತಡಕ್ಕೆ 30 ಮೀಟರ್ ಎಂದಿಟ್ಟುಕೊಂಡರೆ ಒಟ್ಟು 75 ಮೀಟರಿನ ಹತ್ತಿರ ಬರುತ್ತದೆ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಒಂದು ಕೆ.ಜಿ.ಯಂತೆ ಪಂಪಿನ ಬಳಿ ಸುಮಾರು ಏಳೂವರೆ ಕೆ.ಜಿ. ಒತ್ತಡವಿರುತ್ತದೆ, ಅಲ್ಲಿ 6 ಕೆ.ಜಿ. ಪೈಪನ್ನು ಹೂಳುವುದು ಒಡೆಯಲೆಂದೇ ಹೂತಂತೆ. ಇದಲ್ಲದೆ, ಸ್ಪ್ರಿಂಕ್ಲರ್ ಸ್ಥಳ ಬದಲಿಸಲು ಎಲ್ಲ ಹೈಡ್ರೆಂಟ್‌ಗಳನ್ನೂ ಮುಚ್ಚಿದ ಕ್ಷಣದಲ್ಲಿ ಪಂಪು ಇನ್ನೂ ಓಡುತ್ತಿದ್ದರೆ ಒತ್ತಡವು ಆ ಪಂಪಿನ ಗರಿಷ್ಠ ಮಟ್ಟಕ್ಕೆ, ಎಂದರೆ 90 ಮೀಟರಿಗೂ ಏರಬಹುದು. ಪಂಪಿನ ಕಂಪನಿಯವರು ಕೊಡುವ ಚಾರ್ಟಿನಲ್ಲಿ ಹರಿವು ಸೊನ್ನೆಯಾದಾಗಿನ ಎತ್ತರವನ್ನು ನೋಡಿ, ಅದಕ್ಕೆ ತಕ್ಕ ಪೈಪನ್ನೇ ಕೊಳ್ಳಬೇಕು. ವಾಲ್ವನ್ನು ಸರಕ್ಕನೆ ಮುಚ್ಚಿದರೆ ಅಥವಾ ಪಂಪು ಥಟ್ಟನೆ ನಿಂತರೆ ಉಂಟಾಗುವ ನೀರಿನ ಹೊಡೆತ ಇವೆಲ್ಲದರ ಮೇಲೆ ಬರುವಂಥದ್ದು: ಪಿ.ವಿ.ಸಿ. ಲೈನಿನಲ್ಲಿ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿದ್ದರೆ ಆ ಹೊಡೆತ ಐದಾರು ಕೆ.ಜಿ.ಯಷ್ಟು ಕ್ಷಣಿಕ ಒತ್ತಡವನ್ನು ಸೇರಿಸಬಲ್ಲದು. ಆದ್ದರಿಂದ ಹೈಡ್ರೆಂಟ್‌ಗಳಿಗೆ ಒಂದೇ ತಿರುವಿಗೆ ಮುಚ್ಚುವ ಬಾಲ್ ವಾಲ್ವ್ ಬೇಡ, ನಿಧಾನವಾಗಿ ತಿರುಗುವ ಗೇಟ್ ವಾಲ್ವ್ ಇರಲಿ. ಪಂಪಿನ ಬಳಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ನೆತ್ತಿಯಲ್ಲಿ ಗಾಳಿ ಬಿಡುವ ಏರ್ ವಾಲ್ವ್, ಅತಿ ತಗ್ಗಿನಲ್ಲಿ ನೀರು ಬಸಿದುಬಿಡುವ ವಾಲ್ವ್ ಇರಲಿ.

ನನ್ನ ಸಲಹೆಯಂತೆ ಭಾರತೀಯ ಮಾನಕ (ಐ.ಎಸ್.) 4985 ಗುರುತುಳ್ಳ 90 ಮಿ.ಮೀ., 10 ಕೆ.ಜಿ. ಪಿ.ವಿ.ಸಿ. ಪೈಪನ್ನು ಕೆಳಗಿನಿಂದ ಮೇಲಿನವರೆಗೂ ಹಾಕಿರಿ. ಮೇಲ್ಭಾಗಕ್ಕೆ 8 ಕೆ.ಜಿ.ಯದು ಸಾಕಾದೀತು, ಆದರೆ ಎರಡು ದರ್ಜೆಯ ಪೈಪುಗಳು ಒಂದೇ ತೋಟದಲ್ಲಿದ್ದರೆ ಮುಂದೆ ದುರಸ್ತಿಯ ವೇಳೆ ತೆಳುವಾದದ್ದು ಕೆಳಗೆ ಸೇರುವ ಅಪಾಯವಿರುತ್ತದೆ.

ಉತ್ತರ 2: ಪೈಪ್‌ಲೈನ್ ಗುತ್ತಿಗೆದಾರ, ಚಿಕ್ಕಮಗಳೂರು

ಇಂಜಿನಿಯರ್ ಸಾಹೇಬರ ಲೆಕ್ಕಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಒಳ್ಳೆಯ ಪೈಪು ತಂದ ಮೇಲೂ ಲೈನು ಸೋರುವುದು ಪೈಪು ಹೂಳುವ ಚರಂಡಿಯ ಕೆಲಸ ಕೆಟ್ಟಾಗ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಒಂದೂವರೆ ಅಡಿ ಆಳ ಕಾಫಿ ತೋಟಕ್ಕೆ ಯಾವ ರೀತಿಯಲ್ಲೂ ಸಾಲದು. ಹೊಸ ಗಿಡ ನೆಡಲು ತೆಗೆಯುವ ಗುಂಡಿಯೇ ಒಂದೂವರೆ ಅಡಿ ಆಳವಿರುತ್ತದೆ. ಮಳೆನೀರು ಇಂಗಲು ಸಾಲುಗಳ ನಡುವೆ ತೆಗೆಯುವ ತೊಟ್ಟಿಲು ಗುಂಡಿಯೂ ಹೆಚ್ಚುಕಡಿಮೆ ಅಷ್ಟೇ. ಹಾರೆಯ ಒಂದೇ ಏಟಿಗೆ ಪಿ.ವಿ.ಸಿ. ಬಿರಿಯುತ್ತದೆ. ಪೈಪಿನ ನೆತ್ತಿಯ ಮೇಲೆ ಕನಿಷ್ಠ ಎರಡೂವರೆ ಅಡಿ ಮಣ್ಣಿರುವಂತೆ ಚರಂಡಿ ತೋಡಿಸಿರಿ. ಚರಂಡಿಯ ತಳದಲ್ಲಿ ಮುರಕಲ್ಲಿನ ಚೂಪು ಮೊನೆಗಳಿದ್ದರೆ ಪೈಪು ಆ ಮೊನೆಯ ಮೇಲೆ ಕೂತು, ವರ್ಷಗಟ್ಟಲೆ ಅದುರಿ ಅದುರಿ ಒಂದು ದಿನ ಸೀಳುತ್ತದೆ. ಅದಕ್ಕಾಗಿ ತಳಕ್ಕೆ ನಾಲ್ಕು ಇಂಚು ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಸಬೇಕು. ಪೈಪಿನ ಎರಡೂ ಬದಿಗೆ ಅದೇ ಮಣ್ಣನ್ನು ಕೈಯಿಂದಲೇ ತುಂಬಿ ಕಾಲಿನಿಂದ ಒತ್ತಬೇಕು. ಪೈಪಿನ ಮೇಲೆ ಅರ್ಧ ಅಡಿ ಮುಚ್ಚುವವರೆಗೂ ಜೆ.ಸಿ.ಬಿ.ಯಿಂದ ಮಣ್ಣು ಸುರಿಸಬಾರದು.

ನೀರಿನ ಒತ್ತಡ ಪೈಪನ್ನು ತಳ್ಳುವ ಬಲವನ್ನು ಬಹಳ ಜನ ಲೆಕ್ಕಿಸುವುದೇ ಇಲ್ಲ. 90 ಮಿ.ಮೀ. ಪೈಪಿನಲ್ಲಿ 9 ಕೆ.ಜಿ. ಒತ್ತಡವಿದ್ದರೆ ಕೊನೆಯ ಮುಚ್ಚಳವನ್ನು ನೀರು ಸುಮಾರು 570 ಕೆ.ಜಿ. ಬಲದಿಂದ ಹೊರಕ್ಕೆ ತಳ್ಳುತ್ತದೆ. 90 ಡಿಗ್ರಿ ತಿರುಗುವ ಬೆಂಡಿನ ಮೇಲೆ ಆ ಬಲ 800 ಕೆ.ಜಿ. ಆಗುತ್ತದೆ. ಪ್ರತಿ ಬೆಂಡ್, ಪ್ರತಿ ಟೀ (ಮೂರು ಬಾಯಿಯ ಕವಲು ಜೋಡಣೆ) ಮತ್ತು ಲೈನಿನ ಕೊನೆಯಲ್ಲಿ, ಅಗೆಯದ ಗಟ್ಟಿ ಮಣ್ಣಿಗೆ ಒರಗುವಂತೆ ಕಾಂಕ್ರೀಟ್ ಬ್ಲಾಕ್ ಹಾಕಲೇಬೇಕು. ಕಾಂಕ್ರೀಟ್ ಮತ್ತು ಪಿ.ವಿ.ಸಿ. ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲವಾದರೆ ಕಾಂಕ್ರೀಟಿನ ಅಂಚು ಪೈಪನ್ನು ತಿನ್ನುತ್ತದೆ. ಜಾಯಿಂಟನ್ನು ಕಾಂಕ್ರೀಟಿನಿಂದ ಮುಚ್ಚದೆ ಬಿಡಿ.

ಹೈಡ್ರೆಂಟಿನ ವಿಷಯದಲ್ಲಿ ಒಂದು ಮಾತು ತಪ್ಪದೆ ಪಾಲಿಸಿರಿ: ನೆಲದಿಂದ ಮೇಲೇಳುವ ತುಂಡು ಎಂದೂ ಪಿ.ವಿ.ಸಿ. ಆಗಿರಬಾರದು. ಬಿಸಿಲಿಗೆ ಅದು ಪೆಡಸಾಗುತ್ತದೆ, ಮತ್ತು ಆಳುಗಳು ಸ್ಪ್ರಿಂಕ್ಲರ್ ಪೈಪನ್ನು ಎಳೆದಾಗ ಆ ಸೆಳೆತವೆಲ್ಲ ಕೆಳಗಿನ ಟೀಗೆ ತಲುಪಿ ಅದು ಬುಡದಲ್ಲೇ ಮುರಿಯುತ್ತದೆ. ಎರಡೂವರೆ ಇಂಚಿನ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪನ್ನು ಬೋಲ್ಟ್ ಬಿಗಿಯುವ ಚಪ್ಪಟೆ ಬಳೆಯಾದ ಫ್ಲ್ಯಾಂಜ್ ಮೂಲಕ ಟೀಗೆ ಜೋಡಿಸಿ, ಜಿ.ಐ. ಪೈಪಿನ ಸುತ್ತ ನೆಲಮಟ್ಟದವರೆಗೆ ಕಾಂಕ್ರೀಟ್ ಹಿಡಿಸಿದರೆ ಎಳೆತವನ್ನು ಕಾಂಕ್ರೀಟ್ ತಡೆದುಕೊಳ್ಳುತ್ತದೆ. ಅಂತರಕ್ಕೆ ನಿಮ್ಮ ಅಲ್ಯೂಮಿನಿಯಂ ಪೈಪಿನ ಉದ್ದವನ್ನೇ ಅಳತೆಗೋಲಾಗಿ ಹಿಡಿಯಿರಿ. ಆರು ಮೀಟರಿನ ಪೈಪಾದರೆ 48 ಅಥವಾ 60 ಮೀಟರಿಗೆ ಒಂದರಂತೆ ಹೈಡ್ರೆಂಟ್ ಇಟ್ಟಾಗ ತುಂಡು ಪೈಪುಗಳ ಅಗತ್ಯ ಬರುವುದಿಲ್ಲ.

ಅಂಟು ಹಾಕಿದ ಮೇಲೆ ಒಂದು ದಿನ ಪೂರ್ತಿ ಬಿಟ್ಟು, ಪೈಪಿನ ನಡುಭಾಗವನ್ನು ಮಾತ್ರ ಮಣ್ಣಿನಿಂದ ಹಿಡಿಸಿ, ಜಾಯಿಂಟುಗಳನ್ನು ತೆರೆದೇ ಇಟ್ಟು ಒತ್ತಡದ ಪರೀಕ್ಷೆ ಮಾಡಿರಿ. ನೆತ್ತಿಯ ಹೈಡ್ರೆಂಟ್ ತೆರೆದು ನಿಧಾನವಾಗಿ ನೀರು ತುಂಬಿಸಿ, ಗಾಳಿಯೆಲ್ಲ ಹೋದ ಮೇಲೆ ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ, ನಿಮ್ಮಲ್ಲಿ ಸುಮಾರು 11 ಕೆ.ಜಿ.ಗೆ ಏರಿಸಿ, ಪ್ರತಿ ಜಾಯಿಂಟನ್ನೂ ಕಣ್ಣಿಂದ ನೋಡಬೇಕು. ಕಂಪ್ರೆಸರ್ ಗಾಳಿಯಿಂದ ಪರೀಕ್ಷೆ ಮಾಡಲು ಯಾರಾದರೂ ಮುಂದಾದರೆ ದಯವಿಟ್ಟು ತಡೆಯಿರಿ. ಗಾಳಿ ತುಂಬಿದ ಪಿ.ವಿ.ಸಿ. ಒಡೆದರೆ ಚೂರುಗಳು ಸಿಡಿದು ಪ್ರಾಣಾಪಾಯವಾಗುತ್ತದೆ.

ಉತ್ತರ 3: ಸಕಲೇಶಪುರದ ಬೆಳೆಗಾರ್ತಿ

ಹಿರಿಯರಿಬ್ಬರೂ ಪಿ.ವಿ.ಸಿ.ಯನ್ನೇ ಆಧಾರವಾಗಿಟ್ಟುಕೊಂಡು ಮಾತನಾಡಿದ್ದಾರೆ. ನಮ್ಮ ತೋಟದಲ್ಲಿ ಎಚ್.ಡಿ.ಪಿ.ಇ. ಹಾಕಿದ್ದೇವೆ, ಕಡಿದಾದ ಮತ್ತು ಅಂಕುಡೊಂಕಾದ ಜಾಗಕ್ಕೆ ಅದೇ ಹೆಚ್ಚು ಹೊಂದುತ್ತದೆಂಬುದು ನನ್ನ ದೃಢ ಅಭಿಪ್ರಾಯ. ಸುರುಳಿಯಾಗಿ ಬರುವ ಈ ಪೈಪು ಮರಗಳ ಬುಡವನ್ನು ಬಳಸಿಕೊಂಡು ಬಾಗುತ್ತದೆ, ಬಿಸಿ ಮಾಡಿ ಬೆಸೆದ ಜಾಯಿಂಟು ಪೈಪಿನಷ್ಟೇ ಗಟ್ಟಿಯಾಗಿರುವುದರಿಂದ ಬೆಂಡುಗಳಲ್ಲಿ ಕಳಚಿಕೊಳ್ಳುವ ಭಯವಿಲ್ಲ, ನೀರಿನ ಹೊಡೆತವನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಐ.ಎಸ್. 4984 ಗುರುತು ನೋಡಿ ಕೊಳ್ಳಿರಿ. ಬೆಸೆಯುವ ಯಂತ್ರಕ್ಕೆ ಜನರೇಟರ್ ಬೇಕೆಂಬುದು ನಿಜ. ದುರಸ್ತಿಗೆ ಮಾತ್ರ ಕಂಪ್ರೆಷನ್ ಕಪ್ಲರುಗಳನ್ನು ಮನೆಯಲ್ಲಿ ಇಟ್ಟುಕೊಂಡರೆ ಯಂತ್ರವಿಲ್ಲದೆಯೇ ಜೋಡಿಸಬಹುದು.

ಈ ಪೈಪು ಬಿಸಿಲಿಗೆ ಬಹಳ ಹಿಗ್ಗುತ್ತದೆ. ನೂರು ಮೀಟರ್ ಉದ್ದದ ಪೈಪು ಹತ್ತು ಡಿಗ್ರಿ ತಣ್ಣಗಾದರೆ ಅರ್ಧ ಅಡಿಗೂ ಹೆಚ್ಚು ಕುಗ್ಗುತ್ತದೆ. ಮಧ್ಯಾಹ್ನ ಬಿಸಿಯಾಗಿದ್ದಾಗ ಬಿಗಿಯಾಗಿ ಎಳೆದು ಜೋಡಿಸಿದರೆ ಮಣ್ಣಿನೊಳಗೆ ತಣಿದಾಗ ಜಾಯಿಂಟಿನ ಮೇಲೆ ಸೆಳೆತ ಬೀಳುತ್ತದೆ. ಚರಂಡಿಯಲ್ಲಿ ತುಸು ಡೊಂಕಾಗಿ ಮಲಗಿಸಿ, ಬೆಳಗಿನ ತಂಪಿನಲ್ಲಿ ಎರಡೂ ತುದಿಗಳನ್ನು ಜೋಡಿಸಿರಿ.

ಪೈಪು ಯಾವುದಾದರೂ ಇರಲಿ, ಮಲೆನಾಡಿನ ಮಳೆಯನ್ನು ಮರೆಯಬಾರದು. ಗುಡ್ಡದ ಮೇಲಿನಿಂದ ಕೆಳಕ್ಕೆ ನೇರವಾಗಿ ತೋಡಿದ ಚರಂಡಿಯು ಮಣ್ಣು ತುಂಬಿದ ಮೇಲೂ ಮೊದಲ ಮಳೆಗಾಲದಲ್ಲಿ ಹಳ್ಳವೇ ಆಗಿಬಿಡುತ್ತದೆ; ಸಡಿಲ ಮಣ್ಣು ಕೊಚ್ಚಿಹೋಗಿ ಆಗಸ್ಟಿನಲ್ಲಿ ಪೈಪು ಬೆತ್ತಲೆಯಾಗಿ ತೂಗುವುದನ್ನು ನಮ್ಮ ಸುತ್ತಿನ ತೋಟಗಳಲ್ಲಿ ಕಂಡಿದ್ದೇನೆ. ಕಡಿದಾದ ಕಡೆಗಳಲ್ಲಿ ಏಳೆಂಟು ಮೀಟರಿಗೊಮ್ಮೆ ಚರಂಡಿಗೆ ಅಡ್ಡಲಾಗಿ ಮರಳು ಚೀಲಗಳ ಅಥವಾ ಜೇಡಿಮಣ್ಣಿನ ತಡೆಗೋಡೆ ಕಟ್ಟಿಸಿ, ಮೇಲೆ ಮಣ್ಣನ್ನು ಅರ್ಧ ಅಡಿ ದಿಣ್ಣೆಯಾಗಿ ಏರಿಸಿ, ನೀರು ಪಕ್ಕಕ್ಕೆ ಹೊರಳುವಂತೆ ಓರೆ ಕಾಲುವೆ ಮಾಡಿರಿ. ಮಳೆ ಹಿಂದೆ ಸರಿದು ಕೊಯ್ಲು ಇನ್ನೂ ಶುರುವಾಗದ ಅಕ್ಟೋಬರ್ ಈ ಕೆಲಸಕ್ಕೆ ಸೂಕ್ತ ಕಾಲ: ಮಣ್ಣು ಅಗೆಯಲು ಮೆತ್ತಗಿರುತ್ತದೆ, ಮುಚ್ಚಿದ ಮಣ್ಣಿಗೆ ಮುಂದಿನ ಜೂನ್‌ವರೆಗೆ ಕೂರಲು ಸಮಯವೂ ಸಿಗುತ್ತದೆ.

ನಮ್ಮ ಭಾಗದಲ್ಲಿ ಆನೆಗಳ ಓಡಾಟವಿರುವುದರಿಂದ ಹೈಡ್ರೆಂಟುಗಳನ್ನು ಒಂದು ಅಡಿಗಿಂತ ಎತ್ತರ ಬಿಟ್ಟಿಲ್ಲ. ಪೈಪಿನಿಂದ ಒಂದಡಿ ಮೇಲೆ ಬಣ್ಣದ ಎಚ್ಚರಿಕೆ ಪಟ್ಟಿಯನ್ನೂ, ಪೈಪಿನ ಜೊತೆಯಲ್ಲಿ ಒಂದು ತಾಮ್ರದ ತಂತಿಯನ್ನೂ ಹಾಕಿಸಿದ್ದೇವೆ. ಬರಿಯ ಪ್ಲಾಸ್ಟಿಕ್ಕನ್ನು ಲೋಹ ಹುಡುಕುವ ಯಂತ್ರ ಪತ್ತೆ ಮಾಡಲಾರದು, ತಂತಿಯಿದ್ದರೆ ಮುಂದೆ ಲೈನು ಎಲ್ಲಿದೆಯೆಂದು ತಿಳಿಯುತ್ತದೆ. ಚರಂಡಿ ತೆರೆದಿರುವಾಗಲೇ ಪ್ರತಿ ಟೀ, ಪ್ರತಿ ಬೆಂಡಿನ ಚಿತ್ರ ತೆಗೆದು, ಕಣದ ಮೂಲೆ, ಬಂಡೆಗಳಂಥ ಬದಲಾಗದ ಗುರುತುಗಳಿಂದ ಅಳತೆ ಬರೆದಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವ್ಯಾಸ 90 ಮಿ.ಮೀ., ಒತ್ತಡ 10 ಕೆ.ಜಿ. ಎಂದು ನಿಶ್ಚಯಿಸಿದ್ದೇವೆ. ಕೆರೆಯಿಂದ ಕಣದವರೆಗಿನ ನೇರ ಭಾಗಕ್ಕೆ ಪಿ.ವಿ.ಸಿ., ಅಲ್ಲಿಂದ ಮೇಲಿನ ಅಂಕುಡೊಂಕು ಏರಿಗೆ ಎಚ್.ಡಿ.ಪಿ.ಇ. ಹಾಕಬಹುದೇ? ಕಣದ ಪಕ್ಕದಲ್ಲಿ ತೋಟದ ರಸ್ತೆಯನ್ನು ದಾಟಬೇಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ಅಲ್ಲಿ ಲಾರಿಗಳು ಓಡಾಡುತ್ತವೆ.

ಉತ್ತರ 2 ಬರೆದವರು

ಖಂಡಿತ ಹಾಕಬಹುದು. ಆದರೆ ಎರಡು ಬಗೆಯ ಪೈಪುಗಳನ್ನು ಅಂಟಿನಿಂದಾಗಲಿ ಬೆಸುಗೆಯಿಂದಾಗಲಿ ಕೂಡಿಸಲು ಬರುವುದಿಲ್ಲ. ಎರಡೂ ತುದಿಗೆ ಫ್ಲ್ಯಾಂಜ್ ಕೂರಿಸಿ, ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿಯಬೇಕು. ಎಚ್.ಡಿ.ಪಿ.ಇ. ಕುಗ್ಗುವಾಗ ಪಿ.ವಿ.ಸಿ. ಜಾಯಿಂಟನ್ನು ಎಳೆಯದಂತೆ ಅಲ್ಲೊಂದು ಕಾಂಕ್ರೀಟ್ ಬ್ಲಾಕ್ ಇರಲಿ. ಆ ಸ್ಥಳದಲ್ಲಿ ಮುಚ್ಚಳವಿರುವ ಚಿಕ್ಕ ತೊಟ್ಟಿ ಕಟ್ಟಿ ಒಂದು ಗೇಟ್ ವಾಲ್ವ್ ಕೂರಿಸಿದರೆ, ಮೇಲಿನ ಭಾಗದಲ್ಲಿ ದುರಸ್ತಿ ನಡೆಯುವಾಗಲೂ ಕೆಳಗಿನ ಹೈಡ್ರೆಂಟ್‌ಗಳಿಂದ ನೀರು ಹಾಯಿಸಬಹುದು. ರಸ್ತೆ ದಾಟುವಲ್ಲಿ ಪೈಪಿನ ಮೇಲೆ ಕನಿಷ್ಠ ಮೂರು ಅಡಿ ಮಣ್ಣು ಬರುವಂತೆ ತೋಡಿ, ನಿಮ್ಮ ಪೈಪನ್ನು ಆರು ಇಂಚಿನ ಕಾಂಕ್ರೀಟಿನ ಹ್ಯೂಮ್ ಪೈಪಿನೊಳಗೆ ತೂರಿಸಿರಿ. ಹ್ಯೂಮ್ ಪೈಪು ರಸ್ತೆಯ ಎರಡೂ ಅಂಚಿನಿಂದ ಒಂದೊಂದು ಮೀಟರ್ ಹೊರಗೆ ಚಾಚಿರಲಿ, ಮತ್ತು ಅದರೊಳಗೆ ಯಾವ ಜಾಯಿಂಟೂ ಬಾರದಿರಲಿ.